ಬೇಸಿಗೆ ಕೊಯ್ಲಿನ ದಿನಚರಿ: ಬಿಸಿಲೇರುವ ಮುಂಚೆ ಬುಟ್ಟಿ ತುಂಬಬೇಕು

1ನೇ ದಿನ

ಐದು ದಿನದಿಂದ ಮಧ್ಯಾಹ್ನ 37 ಡಿಗ್ರಿ ದಾಟುತ್ತಿದೆ. ತೋಟದಲ್ಲಿ ಎಲ್ಲವೂ ಒಟ್ಟಿಗೆ ಬಂದುಬಿಟ್ಟಿವೆ, ಟೊಮೆಟೊ, ಬೀನ್ಸ್, ಬೆಂಡೆ, ಸೌತೆ, ಮೆಣಸಿನಕಾಯಿ. ನಿನ್ನೆವರೆಗೂ ಸಂಜೆ ಕೊಯ್ಯುತ್ತಿದ್ದೆ, ಇವತ್ತಿನಿಂದ ಬೆಳಿಗ್ಗೆ ಆರಕ್ಕೆ ಬುಟ್ಟಿ ಹಿಡಿದು ಇಳಿಯುತ್ತಿದ್ದೇನೆ. ನಿನ್ನೆ ಕೊಯ್ದ ಬೀನ್ಸ್ ಕೈಗೆ ಬೆಚ್ಚಗೆ ಹತ್ತುತ್ತಿತ್ತು. ರಾತ್ರಿಯೆಲ್ಲ ಬುಟ್ಟಿಯಲ್ಲೇ ಬಿಟ್ಟೆ. ಬೆಳಿಗ್ಗೆ ಕೈ ಹಾಕಿದರೆ ರಾಶಿಯ ನಡುವೆ ಇನ್ನೂ ಬಿಸಿ, ಕಾಯಿ ಬಾಗಿಸಿದರೆ ಪಟ್ಟನೆ ಮುರಿಯುವ ಬದಲು ಸುಮ್ನೆ ಮಡಚಿಕೊಳ್ಳುತ್ತಿತ್ತು.

ಕೊಯ್ದ ಮೇಲೂ ತರಕಾರಿ ಉಸಿರಾಡುತ್ತಲೇ ಇರುತ್ತದೆ ಅಲ್ವಾ. ಬಿಸಿ 10 ಡಿಗ್ರಿ ಏರಿದರೆ ಆ ಉಸಿರಾಟ ಎರಡು ಮೂರು ಪಟ್ಟಾಗುತ್ತದೆ, ಒಳಗಿನ ಸಿಹಿಯನ್ನು ಕಾಯಿ ತಾನೇ ತಿಂದು ಮುಗಿಸುತ್ತದೆ. ಹಾಗಾಗಿ ಈ ಬೇಸಿಗೆಗೆ ನನ್ನ ನಿಯಮ ಒಂದೇ. ಬೆಳಿಗ್ಗೆ ತಂಪಾಗಿರುವಾಗ ಕೊಯ್ಯಬೇಕು, ತಕ್ಷಣ ನೆರಳಿಗೆ ತರಬೇಕು, ಅದೇ ದಿನ ಕೆಲಸ ಮುಗಿಸಬೇಕು.

3ನೇ ದಿನ

ಬೀನ್ಸ್ ಮೂರೂವರೆ ಕಿಲೋ, ಬೆಂಡೆ ಒಂದು ಕಿಲೋ. ಎರಡೂ ಫ್ರೀಜರ್‌ಗೆ. ಹಸಿಯಾಗಿ ಹಾಗೇ ತುಂಬಿದರೆ ಫ್ರೀಜರ್‌ನಲ್ಲೂ ಕಿಣ್ವಗಳು ನಿಧಾನಕ್ಕೆ ಕೆಲಸ ಮಾಡುತ್ತವೆ, ಕೆಲವೇ ತಿಂಗಳಲ್ಲಿ ಬಣ್ಣ ಮಂಕಾಗಿ ಒಣಹುಲ್ಲಿನ ವಾಸನೆ ಬರುತ್ತದೆ. ಅದಕ್ಕೇ ಕುದಿಯುವ ನೀರಿಗೆ ಹಾಕಿ, ನೀರು ಮತ್ತೆ ಕುದಿ ಬಂದ ಮೇಲೆ 3 ನಿಮಿಷ ಎಣಿಸುತ್ತೇನೆ. ಈ ಮೂರು ನಿಮಿಷ ನನಗೆ ತುಂಬಾ ಇಷ್ಟ. ಹಾಕಿದ ಅರ್ಧ ನಿಮಿಷಕ್ಕೆ ಬೀನ್ಸಿನ ಮೇಲಿನ ಬೂದಿ ಬಣ್ಣದ ಮಬ್ಬು ಹೋಗಿ, ಮಳೆಯಲ್ಲಿ ತೊಳೆದ ಎಲೆಯ ಹಾಗೆ ಹಸಿರು ಕಣ್ಣಿಗೆ ಹೊಡೆಯುತ್ತದೆ. ಆಮೇಲೆ ಐಸ್ ನೀರಿನಲ್ಲಿ ಅಷ್ಟೇ ಹೊತ್ತು, ನಂತರ ಬಟ್ಟೆಯ ಮೇಲೆ ಚೆನ್ನಾಗಿ ಆರಿಸುವುದು.

ಮೊದಲ ಕಂತಿನಲ್ಲಿ ಆರಿಸಲು ಅವಸರ ಮಾಡಿದೆ, ನೇರ ಚೀಲಕ್ಕೆ ತುಂಬಿದೆ, ಎಲ್ಲಾ ಒಂದೇ ಗಡ್ಡೆಯಾಗಿ ಅಂಟಿಕೊಂಡಿತು. ಎರಡನೇ ಕಂತನ್ನು ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ, ಗಟ್ಟಿಯಾದ ಮೇಲೆ ಚೀಲಕ್ಕೆ ಹಾಕಿದೆ. ಈಗ ಬೇಕಾದಷ್ಟು ಹಿಡಿ ತೆಗೆದುಕೊಳ್ಳಬಹುದು.

ಬೀನ್ಸನ್ನು ಯಾಕೆ ಜಾಡಿಯಲ್ಲಿ ಕುದಿಸಿ ಮುಚ್ಚಿಡುತ್ತಿಲ್ಲ ಅಂತ ಮನೆಯಲ್ಲಿ ಕೇಳಿದರು. ಬೀನ್ಸಿನಲ್ಲಿ ಹುಳಿ ಇಲ್ಲ. ಹುಳಿ ಸಾಲದ ಕಡೆ, ಅಂದರೆ ಹುಳಿಯ ಅಳತೆಯಾದ ಪಿಎಚ್ (ಇದು ಏರಿದಷ್ಟೂ ಹುಳಿ ಕಡಿಮೆ) 4.6ಕ್ಕಿಂತ ಮೇಲಿದ್ದರೆ, ಗಾಳಿಯಿಲ್ಲದ ಜಾಡಿಯೊಳಗೆ ಬೊಟುಲಿನಮ್ ಬ್ಯಾಕ್ಟೀರಿಯಾ ವಿಷ ಹುಟ್ಟಿಸಬಲ್ಲದು. ಅದರ ಬೀಜಕಣ ಬರೀ ಕುದಿಯುವ ನೀರಿಗೆ ಸಾಯುವುದಿಲ್ಲ. ಅದಕ್ಕೆಂದೇ ಮಾಡಿದ ಪ್ರೆಷರ್ ಕ್ಯಾನರ್ ಬೇಕು, ಅಡುಗೆ ಕುಕ್ಕರ್ ಆಗುವುದಿಲ್ಲ. ನನ್ನ ಹತ್ತಿರ ಅದಿಲ್ಲ, ಹಾಗಾಗಿ ಫ್ರೀಜರ್. ಈ ವಿಷಯದಲ್ಲಿ ಅಂದಾಜಿನ ಮೇಲೆ ಹೋಗಬೇಡಿ, ದಯವಿಟ್ಟು.

6ನೇ ದಿನ

ಟೊಮೆಟೊ ಕಥೆ ಬೇರೆ. ಗಿಡದಲ್ಲಿ ತುಂಬಾ ಹಣ್ಣಿವೆ, ಆದರೆ ಕೆಂಪಾಗುತ್ತಿಲ್ಲ. ತೊಟ್ಟಿನ ಸುತ್ತ ಹಳದಿ ಬಳೆ ಹಾಗೇ ನಿಂತಿದೆ. 30 ಡಿಗ್ರಿ ದಾಟಿದರೆ ಕೆಂಪು ಬಣ್ಣದ ಲೈಕೋಪೀನ್ ಹುಟ್ಟುವುದು ಕುಂಠಿತವಾಗುತ್ತದೆ, ಕಿತ್ತಳೆ ಹಳದಿ ಮಾತ್ರ ಬರುತ್ತಿರುತ್ತದೆ. ಗಿಡದಲ್ಲೇ ಕಾಯುತ್ತಾ ಕೂತರೆ ಬಿಸಿಲಿಗೆ ಸಿಪ್ಪೆ ಬೆಂದು ಬಿಳಿ ಮಚ್ಚೆ ಬೀಳುತ್ತದೆ, ನನಗೆ ಹೀಗೆ ಹತ್ತಾರು ಹಣ್ಣು ಹೋದವು.

ಈಗ ತುದಿಯಲ್ಲಿ ಗುಲಾಬಿ ಬಣ್ಣ ಇಣುಕಿದ ಕೂಡಲೇ ಕಿತ್ತು ಒಳಗೆ ತರುತ್ತಿದ್ದೇನೆ. ತೊಟ್ಟು ಕೆಳಗೆ ಮಾಡಿ, ಒಂದಕ್ಕೊಂದು ತಾಗದ ಹಾಗೆ, ಮನೆಯ ತಂಪಾದ ಕೋಣೆಯಲ್ಲಿ. ಫ್ರಿಜ್‌ಗೆ ಇಡುವುದಿಲ್ಲ, ಅಷ್ಟು ಚಳಿಗೆ ರುಚಿ ಹೋಗುತ್ತದೆ. ನಾಲ್ಕೈದು ದಿನಕ್ಕೆ ಪೂರ್ತಿ ಕೆಂಪಾದವು, ಗಿಡದಲ್ಲಿದ್ದವಕ್ಕಿಂತ ಚೆಂದವಾಗಿ.

9ನೇ ದಿನ

ಹಣ್ಣಾದ ಟೊಮೆಟೊದಲ್ಲಿ ನಾಲ್ಕು ಕಿಲೋ ತರಕಾರಿ ಒಣಗಿಸುವ ಡ್ರೈಯರ್‌ಗೆ ಹೋಯಿತು. ಅರ್ಧ ಸೆಂಟಿಮೀಟರಿಗಿಂತ ತುಸು ದಪ್ಪ ಬಿಲ್ಲೆ, 57 ಡಿಗ್ರಿ, ಹದಿನಾಲ್ಕು ಗಂಟೆ. ಕೊನೆಗೆ ಕೈಗೆ ಸಿಕ್ಕಿದ್ದು 270 ಗ್ರಾಂ! ಟೊಮೆಟೊದಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ನೀರೇ. ಒಣಗಿದ ಮೇಲೆ ನೇರ ಡಬ್ಬಿ ಮುಚ್ಚಿಡಬಾರದು. ಒಂದು ಬಿಲ್ಲೆಯಲ್ಲಿ ಪಸೆ ಉಳಿದಿದ್ದರೂ ಎಲ್ಲಕ್ಕೂ ಬೂಷ್ಟು. ಗಾಜಿನ ಬಾಟಲಿಯಲ್ಲಿ ಮುಕ್ಕಾಲು ತುಂಬಿಸಿ ಒಂದು ವಾರ ದಿನಕ್ಕೊಮ್ಮೆ ಅಲುಗಿಸುತ್ತಿದ್ದೇನೆ. ಗಾಜಿನ ಒಳಗೆ ಹನಿ ಕಂಡರೆ ಮತ್ತೆ ಡ್ರೈಯರ್‌ಗೆ.

ಉಳಿದದ್ದನ್ನು ಸಿಪ್ಪೆ ತೆಗೆದು ಹಿಸುಕಿ, ಕುದಿಸಿ, ಅರ್ಧ ಲೀಟರಿಗೆ ಸ್ವಲ್ಪ ಕಡಿಮೆ ಹಿಡಿಯುವ ಜಾಡಿಗಳಿಗೆ ತುಂಬಿದೆ. ಪ್ರತಿ ಜಾಡಿಗೆ 1 ದೊಡ್ಡ ಚಮಚ ನಿಂಬೆರಸ, ಅದೂ ಬಾಟಲಿಯದು, ಯಾಕೆಂದರೆ ತಾಜಾ ನಿಂಬೆಯ ಹುಳಿ ಒಂದೊಂದಕ್ಕೆ ಒಂದೊಂದು ಥರ. ಟೊಮೆಟೊ ಆ 4.6ರ ಗೆರೆಯ ಆಚೆ ಈಚೆ ಇರುತ್ತದೆ, ಹುಳಿ ಅಂತ ನಂಬಿ ಬಿಡುವ ಹಾಗಿಲ್ಲ. ಕುದಿಯುವ ನೀರಲ್ಲಿ ಮುಳುಗಿಸಿ 35 ನಿಮಿಷ. ಎತ್ತರದ ಊರಿನವರು ಇನ್ನೂ ಹೆಚ್ಚು ಹೊತ್ತು ಇಡಬೇಕು, ಅಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಆರು ಜಾಡಿ. ಆರುವಾಗ ಒಂದೊಂದೇ ಮುಚ್ಚಳ ಟಕ್ ಅಂತ ಒಳಕ್ಕೆ ಎಳೆದುಕೊಂಡ ಸದ್ದು ಕೇಳಿ ಆದ ಖುಷಿ ಹೇಳಲಾರೆ. ಒಂದು ಮಾತ್ರ ಕೂರಲಿಲ್ಲ, ಅದು ಫ್ರಿಜ್‌ಗೆ ಹೋಯಿತು, ಈ ವಾರವೇ ಖರ್ಚು.

14ನೇ ದಿನ

ಸೌತೆಕಾಯಿಯ ಮೊದಲ ಜಾಡಿ ಕೆಟ್ಟಿತು. ಉಪ್ಪುನೀರಲ್ಲಿ ಹುಳಿ ಬರಲು ಇಟ್ಟಿದ್ದೆ, ಅಡುಗೆಮನೆಯಲ್ಲಿ 31 ಡಿಗ್ರಿ. ಮೂರನೇ ದಿನಕ್ಕೇ ಗುಳ್ಳೆ ಉಕ್ಕಿ ಹೊರಗೆ ಬಂತು, ಐದನೇ ದಿನ ಕಾಯಿ ಬೆರಳಿಗೆ ಮೆತ್ತಗೆ. ಬೇಜಾರಾಯಿತು, ಅಷ್ಟು ಎಳೆಯ ಕಾಯಿಗಳವು.

ಎರಡನೇ ಸಲ ಮೂರು ಬದಲಾವಣೆ ಮಾಡಿದೆ. ಹೂವು ಉದುರಿದ ಕಡೆಯ ತುದಿಯನ್ನು ತೆಳ್ಳಗೆ ಕತ್ತರಿಸಿ ತೆಗೆದೆ, ಮೆತ್ತಗೆ ಮಾಡುವ ಕಿಣ್ವ ಅಲ್ಲೇ ಇರುತ್ತದೆ. ಉಪ್ಪು ಲೀಟರಿಗೆ 50 ಗ್ರಾಂ. ಜಾಡಿಯನ್ನು ನೀರು ತುಂಬಿದ ಬೋಗುಣಿಯಲ್ಲಿ ನಿಲ್ಲಿಸಿ ಒದ್ದೆ ಬಟ್ಟೆ ಸುತ್ತಿ, ಗಾಳಿ ಆಡುವ ಮೂಲೆಯಲ್ಲಿಟ್ಟೆ. ಬಟ್ಟೆಯ ನೀರು ಆರುತ್ತಾ ಜಾಡಿ 25 ಡಿಗ್ರಿ ಆಸುಪಾಸಿನಲ್ಲಿ ನಿಂತಿದೆ. ಇವತ್ತಿಗೆ ಆರು ದಿನ, ಕಚ್ಚಿದರೆ ಇನ್ನೂ ಕರುಂ ಎನ್ನುತ್ತದೆ.

16ನೇ ದಿನ

ಟೊಮೆಟೊ ಹೊಸ ಹೂ ಉದುರಿಸುತ್ತಿದೆ. ರಾತ್ರಿಯೂ 25ರ ಕೆಳಗೆ ಇಳಿಯುತ್ತಿಲ್ಲ, ಇಷ್ಟು ಸೆಕೆಗೆ ಪರಾಗ ಕೆಡುತ್ತದೆ, ಕಾಯಿ ಕಚ್ಚುವುದಿಲ್ಲ. ಶೇಡ್ ನೆಟ್ ಕಟ್ಟಿದೆ, ಬುಡಕ್ಕೆ ಒಣಹುಲ್ಲು ಹೊದಿಸಿದೆ. ಗಿಡ ಕೀಳುವುದಿಲ್ಲ, ಸೆಕೆ ಇಳಿದರೆ ಮತ್ತೆ ಹೂ ಬಿಡುತ್ತವೆ. ನಾಳೆ ಬೆಳಿಗ್ಗೆ ಕೆಂಪು ಮೆಣಸಿನಕಾಯಿ ಕೊಯ್ಯಬೇಕು, ಡ್ರೈಯರ್ ಖಾಲಿ ಮಾಡಿ ಒರೆಸಿಟ್ಟಿದ್ದೇನೆ.