ಚಯ್, ಚಾಯ್ ಅಲ್ಲ: ಹನೋಯಿ ತಯಾರಿಯ ಏಳನೇ ವಾರ

ನಿನ್ನೆ ರಾತ್ರಿ, ನನಗೆ ವಿಯೆಟ್ನಾಮಿ ಕಲಿಸುವ ಹನೋಯಿಯ ಟೀಚರ್ ಕೊನೆಗೂ ಸರಿ ಅಂತ ತಲೆ ಆಡಿಸಿದರು. ಮೂರು ವಾರದಿಂದ ಒಂದೇ ಪದಕ್ಕೆ ಗಂಟು ಬಿದ್ದಿದ್ದೆ. 'ಚಯ್'. ಸಸ್ಯಾಹಾರ ಅಂತ ಅರ್ಥ.

ನಮಸ್ಕಾರ, ಥ್ಯಾಂಕ್ಸ್, ಎಷ್ಟು, ಹತ್ತರವರೆಗಿನ ಎಣಿಕೆ ಎಲ್ಲ ಆಗಿದೆ, ಅದನ್ನು ಬರೆಯುವುದಿಲ್ಲ. ಆರು ದನಿಗಳೂ (ಒಂದೇ ಪದದ ಅರ್ಥ ಬದಲಿಸುವ ಏರಿಳಿತಗಳು) ನಿಮಗೆ ಗೊತ್ತೇ ಇವೆ.

ಧಾರವಾಡದಿಂದ ಮಡಗಾಂವಿಗೆ ಬಂದಾಗ ನಾನು ಕಲಿತ ಮೊದಲ ಕೊಂಕಣಿ ಪದ 'ಶಿವರಾಕ್', ಅಂದರೆ ಸಸ್ಯಾಹಾರ. ಮೀನಿನ ಊರಲ್ಲಿ ಸಸ್ಯಾಹಾರಿಗೆ ಅದಿಲ್ಲದೆ ನಡೆಯುವುದಿಲ್ಲ. ಆದರೆ ಇಲ್ಲಿ ಮೀನು ತಟ್ಟೆಯಲ್ಲಿ ಕಣ್ಣಿಗೆ ಕಾಣುತ್ತದೆ. ವಿಯೆಟ್ನಾಂನಲ್ಲಿ 'ನುಅಕ್ ಮಮ್' ಅನ್ನುವ ಮೀನಿನ ಸಾಸ್ ಬರೀ ಸೊಪ್ಪಿನ ಪಲ್ಯಕ್ಕೂ ಬೀಳುತ್ತದೆ. ಹಾಗಾಗಿ 'ಮಾಂಸ ಬೇಡ' ಅಂದರೆ ಸಾಲದು. 'ಚಯ್' ಅಂದರೆ ಅಡುಗೆಯವರಿಗೆ ಪೂರ್ತಿ ತಿಳಿಯುತ್ತದೆ. ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ ಅಲ್ಲಿ ಎಷ್ಟೋ ಬೌದ್ಧರು ಚಯ್ ಊಟವನ್ನೇ ಮಾಡುತ್ತಾರೆ. ಅದಕ್ಕೇ ಹುಣ್ಣಿಮೆ ನೋಡಿಕೊಂಡು ಟಿಕೆಟ್ ತೆಗೆದಿದ್ದೇನೆ.

ಮೊದಲ ತೊಡಕು ಸ್ವರದ್ದು. ಆಫೀಸಿನಲ್ಲಿ ದಿನಕ್ಕೆ ಹತ್ತು ಸಲ 'ಚಾಯ್' ಅನ್ನುವ ಬಾಯಿ ಇದು. ನಾನು 'ಚಾಯ್' ಅಂದರೆ ಟೀಚರಿಗೆ ಬಾಟಲಿ ಅಂತ ಕೇಳುತ್ತಿತ್ತು. ರೋಮನ್ ಅಕ್ಷರದಲ್ಲಿ ಕೊನೆಯ ಅಕ್ಷರ ಮಾತ್ರ ಬೇರೆ, ಅದನ್ನು ನೋಡಿ ಏನೂ ತಿಳಿಯಲಿಲ್ಲ. ಕನ್ನಡದಲ್ಲಿ ಬರೆದುಕೊಂಡ ದಿನ ಹೊಳೆಯಿತು. ಇದು ನಮ್ಮ ಹ್ರಸ್ವ, ದೀರ್ಘ ಅಷ್ಟೇ! ಬಾಟಲಿಗೆ 'ಚಾ', ಸಸ್ಯಾಹಾರಕ್ಕೆ 'ಚ'. ಐದು ನಿಮಿಷದಲ್ಲಿ ಸರಿಹೋಯಿತು. ಈಗ ಎಲ್ಲ ಪದಗಳನ್ನೂ ಮೊದಲು ಕನ್ನಡದಲ್ಲೇ ಬರೆದುಕೊಳ್ಳುತ್ತೇನೆ.

ಎರಡನೆಯದು ದನಿ. ಇದು ನಿಜವಾಗಿ ಅಳಿಸಿತು. 'ಚಯ್' ಸಮದನಿಯ ಪದ, ಏರಬಾರದು, ಇಳಿಯಲೂಬಾರದು. ಆದರೆ ನಾವು ಪ್ರಶ್ನೆ ಕೇಳುವಾಗ ದನಿ ತಾನಾಗಿ ಮೇಲೆ ಹೋಗುತ್ತದೆ ಅಲ್ವಾ? ದನಿ ಏರಿದರೆ ಅದೇ ಪದಕ್ಕೆ 'ಉರಿ' ಅಂತ ಅರ್ಥ. ಗಂಟಲು ಒತ್ತಿ ಇಳಿಸಿದರೆ 'ಓಡು'. ಊಟ ಇದೆಯಾ ಅಂತ ಕೇಳಿದ ಪ್ರತಿ ಸಲವೂ ಬೆಂಕಿ ಹತ್ತಿಸುತ್ತಿದ್ದೆ.

ಆನ್‌ಲೈನಲ್ಲಿ ತರಿಸಿದ ಪುಸ್ತಕದಿಂದ ಏನೂ ಉಪಯೋಗವಾಗಲಿಲ್ಲ. ಅದರಲ್ಲಿ ದನಿಯ ಗುರುತುಗಳೇ ಇಲ್ಲ! ಅವಿಲ್ಲದೆ ವಿಯೆಟ್ನಾಮಿ ಪದ ಬರೆಯುವುದೆಂದರೆ ಕಾಗುಣಿತ ಬಿಟ್ಟು ಕನ್ನಡ ಬರೆದ ಹಾಗೆ. ಜೊತೆಗೆ ಬಂದ ಆಡಿಯೊ ದಕ್ಷಿಣದ ಸೈಗಾನ್ ಉಚ್ಚಾರಣೆಯದ್ದು. ಅಲ್ಲಿ ಎರಡು ದನಿಗಳು ಒಂದಾಗಿ ಐದೇ ಉಳಿಯುತ್ತವೆ. ನಾನು ಹೋಗುತ್ತಿರುವುದು ಉತ್ತರಕ್ಕೆ. ಮಾರಿದವರಿಗೆ ಎರಡು ಸಲ ಬರೆದೆ, ಉತ್ತರವಿಲ್ಲ.

ದಾರಿ ಸಿಕ್ಕಿದ್ದು ಮಗಳ ತಂಬೂರಿ ಪೆಟ್ಟಿಗೆಯಿಂದ. ಅವಳು ಸಂಜೆ ರಿಯಾಜಿಗೆ ಕೂತಾಗ ನಾನೂ ಪಕ್ಕದಲ್ಲಿ ಕೂತೆ. 'ಕೋ ಮೋನ್ ಚಯ್ ಖೋಮ್?' ಅಂದರೆ 'ಸಸ್ಯಾಹಾರದ ಅಡುಗೆ ಇದೆಯಾ?' ಮೊದಲೆರಡು ಪದ ಷಡ್ಜದಿಂದ ಮೇಲಕ್ಕೆ ಜಾರುತ್ತವೆ, ಕೊನೆಯ ಎರಡು ಷಡ್ಜದಲ್ಲೇ ನಿಲ್ಲಬೇಕು. ಪ್ರಶ್ನೆಯ ಕೆಲಸವನ್ನು 'ಖೋಮ್' ಮಾಡುತ್ತದೆ, ನಮ್ಮ 'ಇದೆಯಾ'ದ 'ಆ' ಇದ್ದ ಹಾಗೆ. ದನಿ ಏರಿಸುವ ಅಗತ್ಯವೇ ಇಲ್ಲ. ಇದು ತಲೆಗೆ ಹೋದ ಮೇಲೆ ನಾಲಗೆಯೂ ಮಾತು ಕೇಳಿತು. 'ಅಮ್ಮ, ಈಗ ಶ್ರುತಿಯಲ್ಲಿದ್ದೀ' ಅಂದಳು ಮಗಳು.

ಇದರ ನಡುವೆ ಮುಂದಿನ ಕೆಲಸವೂ ಕಣ್ಣಿಗೆ ಬಿದ್ದಿದೆ. ವಿಯೆಟ್ನಾಮಿಯ ರೋಮನ್ ಲಿಪಿ 17ನೇ ಶತಮಾನದ ಜೆಸ್ಯುಯಿಟ್ ಪಾದ್ರಿಗಳಿಂದ ಬಂತು. ಆ ಭಾಷೆಯ ನಿಘಂಟನ್ನು 1651ರಲ್ಲಿ ರೋಮಿನಲ್ಲಿ ಅಚ್ಚು ಹಾಕಿಸಿದ ಪಾದ್ರಿ ಅಲೆಕ್ಸಾಂದ್ರ್ ದ ರೋದ್ ವಿಯೆಟ್ನಾಂಗೆ ಹೋಗುವ ಮೊದಲು ಗೋವಾದಲ್ಲಿದ್ದರು. ಇಲ್ಲೇ ಹತ್ತಿರದ ರಾಚೋಲ್‌ನಲ್ಲಿ 1640ರಲ್ಲಿ ಇನ್ನೊಬ್ಬ ಜೆಸ್ಯುಯಿಟ್ ಪಾದ್ರಿ ಥಾಮಸ್ ಸ್ಟೀಫನ್ಸ್ ಅವರ ಕೊಂಕಣಿ ವ್ಯಾಕರಣ ಅಚ್ಚಾಯಿತು. ಅದರ ಹೆಸರಿನಲ್ಲಿ ಕೊಂಕಣಿಯನ್ನು 'ಕನಾರಿಂ' ಅಂದಿದ್ದಾರೆ! ಕೊಂಕಣಿ ಮಾತಾಡುತ್ತೇನೆ, ಆದರೆ ರೋಮನ್ ಲಿಪಿಯಲ್ಲಿ ಓದಲು ತಡವರಿಸುತ್ತೇನೆ. ಹನೋಯಿಯಿಂದ ಬಂದ ಮೇಲೆ ಅದನ್ನೇ ಕಲಿಯುವುದು.

ನಿನ್ನೆಯ ಪಾಠದಲ್ಲಿ ಟೀಚರ್ ಹೋಟೆಲಿನ ಹುಡುಗಿಯಾದರು. ಚಿಕ್ಕವರನ್ನು ಕರೆಯುವಂತೆ 'ಎಮ್ ಓಯ್' ಅಂತ ಕರೆದು ನನ್ನ ಪ್ರಶ್ನೆ ಕೇಳಿದೆ. 'ಕೋ, ಚಿ' ಅಂದರು. ಇದೆ, ಅಕ್ಕಾ.

ಮೀನಿನ ಸಾಸ್ ಬೇಡ ಅನ್ನುವುದೂ ಬಾಯಿಗೆ ಬಂದಿದೆ. ಮೊಟ್ಟೆ ಬೇಡ ಅನ್ನುವುದು ಇನ್ನೂ ಬಾಕಿ. ಆ ಪದದ ಸ್ವರ ಕನ್ನಡದ ಯಾವ ಅಕ್ಷರಕ್ಕೂ ಕೂರುತ್ತಿಲ್ಲ. ಗುರುವಾರ ಮತ್ತೆ ಪಾಠವಿದೆ.