ನಾಲ್ಕು ಬೆರಳಿನ ಅಂತರ

ಉತ್ತರ ಕೊಡಗಿನ ಒಂದು ತರಬೇತಿ ಕೇಂದ್ರದಲ್ಲಿ ನಾನು ಹದಿನಾಲ್ಕು ವರ್ಷಗಳಿಂದ ಫ್ಯಾಬ್ರಿಕೇಶನ್ ಕಲಿಸುತ್ತಿದ್ದೇನೆ. ಗೇಟು, ಗ್ರಿಲ್ಲು, ಕಾಫಿ ಕಣದ ಶೆಡ್ಡಿಗೆ ಟ್ರಸ್ಸು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿಗೆ ಸ್ಟ್ಯಾಂಡು, ಇವು ನಮ್ಮ ನಿತ್ಯದ ಕೆಲಸ. ಕಳೆದ ಬೇಸಿಗೆಯ ಬ್ಯಾಚಿನ ಎಂಟು ಮಂದಿ ಹುಡುಗ ಹುಡುಗಿಯರು ತೋಟದ ದಾರಿಯಲ್ಲಿ ಓಡುವಂಥ ಗೋ-ಕಾರ್ಟ್ ಒಂದನ್ನು ನಾವೇ ಕಟ್ಟೋಣ ಎಂದು ಕೇಳಿದಾಗ ನಾನು ತಕ್ಷಣ ಒಪ್ಪಿಕೊಂಡೆ. ಗೇಟಿನ ವೆಲ್ಡಿಂಗ್ ಸರಿಯಾಗದಿದ್ದರೆ ಮತ್ತೊಮ್ಮೆ ರಾಡ್ ಹಚ್ಚಿ ಸರಿಪಡಿಸಬಹುದು. ತಾನೇ ಕುಳಿತು ಓಡಿಸಬೇಕಾದ ಗಾಡಿಯನ್ನು ಕಟ್ಟುವಾಗ ಮಾತ್ರ ಪ್ರತಿಯೊಂದು ಟ್ಯಾಕ್, ಅಂದರೆ ಚುಕ್ಕಿ ವೆಲ್ಡಿಂಗ್, ಹಾಕುವಾಗಲೂ ಕೈ ಎಚ್ಚರದಿಂದಿರುತ್ತದೆ, ಆ ಎಚ್ಚರವನ್ನು ಪಾಠ ಹೇಳಿ ಕಲಿಸಲಾಗದು ಎಂಬುದು ನನ್ನ ನಂಬಿಕೆಯಾಗಿತ್ತು. ಈಗಲೂ ಹಾಗೆಯೇ ನಂಬಿದ್ದೇನೆ. ಆದರೆ ಆ ಎಚ್ಚರ ತಪ್ಪಿದ್ದು ಮಕ್ಕಳಿಂದಲ್ಲ, ನನ್ನಿಂದ.

ಎಂಜಿನ್ ಸಿಕ್ಕಿದ್ದು ಕುಶಾಲನಗರದ ಗುಜರಿಯಲ್ಲಿ, ಹಳೆಯ ಸ್ಪ್ಲೆಂಡರ್ ಬೈಕಿನದು, 97.2 ಸಿಸಿ, ನಾಲ್ಕು ಗೇರು. ಹಿಂದಿನ ಆಕ್ಸಲ್ಲಿಗೆ 30 ಮಿ.ಮೀ. ಇಎನ್-8 ಉಕ್ಕಿನ ಶಾಫ್ಟನ್ನು ಎರಡು ಯುಸಿಪಿ 206 ಬೇರಿಂಗುಗಳ ಮೇಲೆ ಕೂರಿಸಿ, ಆಟೊರಿಕ್ಷಾದ 4.00-8 ಟೈರುಗಳನ್ನು ಹಾಕಿದೆವು. ಬೈಕಿನ ಹದಿನೆಂಟು ಇಂಚಿನ ರಿಮ್ಮಿನ ಗಾಲಿಗೆ ಹೋಲಿಸಿದರೆ ಇದರ ಸುತ್ತಳತೆ ಸುಮಾರು ಮೂರರಲ್ಲೊಂದು ಪಾಲು ಕಡಿಮೆ. ಹೀಗಾಗಿ ಸ್ಪ್ರಾಕೆಟ್ ಬದಲಿಸದೆಯೇ ಏರುದಾರಿಗೆ ಬೇಕಾದ ಎಳೆತ ದೊರೆಯಿತು. ಮುಂದಿನ ಗಾಲಿಗಳ ತಿರುವಿನ ಲೆಕ್ಕವನ್ನು ವರ್ಕ್‌ಶಾಪಿನ ನೆಲದ ಮೇಲೆಯೇ ಮಾಡಿದೆವು. ತಿರುವಿನಲ್ಲಿ ಒಳಗಾಲಿಯು ಹೊರಗಾಲಿಗಿಂತ ಹೆಚ್ಚು ಕೋನದಲ್ಲಿ ತಿರುಗಬೇಕು. ಗಾಲಿ ತಿರುಗುವ ಕೀಲುಗಳಾದ ಎರಡೂ ಕಿಂಗ್‌ಪಿನ್ನುಗಳಿಂದ, ಗಾಲಿಯನ್ನು ತಿರುಗಿಸುವ ಸ್ಟಿಯರಿಂಗ್ ಆರ್ಮುಗಳ ತುದಿಯ ಮೂಲಕ ಎಳೆದ ಗೆರೆಗಳು ಹಿಂದಿನ ಆಕ್ಸಲ್ಲಿನ ನಟ್ಟನಡುವೆ ಕೂಡಿದರೆ ಅದು ಬಹುಮಟ್ಟಿಗೆ ಸರಿಹೋಗುತ್ತದೆ. ಕುದುರೆಗಾಡಿಗಳ ಕಾಲದಲ್ಲಿ, 1818ರಲ್ಲಿ, ರುಡಾಲ್ಫ್ ಆಕರ್‌ಮನ್ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ಈ ಉಪಾಯವನ್ನು ಐಗೂರಿನ ಕಡೆಯ ಹುಡುಗಿಯೊಬ್ಬಳು ದಾರವನ್ನೂ ಸೀಮೆಸುಣ್ಣವನ್ನೂ ಹಿಡಿದು ಅರ್ಧ ಗಂಟೆಯಲ್ಲಿ ಉಳಿದ ಏಳು ಮಂದಿಗೆ ತೋರಿಸಿಕೊಟ್ಟಳು. ಗುಂಪಿನಲ್ಲಿ ಎಲ್ಲರಿಗಿಂತ ಗಿಡ್ಡವಳೂ ಹಗುರವಾದವಳೂ ಅವಳೇ ಆದುದರಿಂದ ಮೊದಲ ಓಟಕ್ಕೆ ಅವಳೇ ಕೂರಬೇಕೆಂದು ಎಲ್ಲರೂ ಸೇರಿ ತೀರ್ಮಾನಿಸಿದರು.

ಆಕ್ಸಿಲರೇಟರ್ ಕೇಬಲ್ಲಿನ ಸಂಗತಿಯನ್ನು ಇಲ್ಲಿಯೇ ಹೇಳಬೇಕು. ಬೈಕಿನಲ್ಲಿ ಹ್ಯಾಂಡಲ್ಲಿಗೂ ಕಾರ್ಬುರೇಟರಿಗೂ ಇರುವ ದೂರ ಚಿಕ್ಕದು. ನಮ್ಮ ಗಾಡಿಯಲ್ಲಿ ಪೆಡಲ್ ಮುಂದೆ, ಎಂಜಿನ್ ಸೀಟಿನ ಹಿಂದೆ; ಎರಡು ಮೀಟರಿಗಿಂತ ಉದ್ದದ ಅಖಂಡ ಕೇಬಲ್ ಬೇಕಾಗಿತ್ತು. ಮೈಸೂರಿನಲ್ಲಿ ಅಳತೆ ಕೊಟ್ಟರೆ ಒಂದೇ ದಿನದಲ್ಲಿ ಮಾಡಿಕೊಡುವವರಿದ್ದಾರೆ, ಬೆಲೆಯೂ ಹೆಚ್ಚಲ್ಲ. ಆದರೆ ನಮ್ಮ ಕಚೇರಿಯಲ್ಲಿ ಯಾವ ಬಿಡಿಭಾಗಕ್ಕಾದರೂ ಮೂರು ಕೊಟೇಶನ್ ಬೇಕು. ಅಳತೆ ಕೊಟ್ಟು ಮಾಡಿಸುವ ಒಂದು ಕೇಬಲ್ಲಿಗೆ ಮೂರು ಅಂಗಡಿಯವರು ಬರವಣಿಗೆಯಲ್ಲಿ ದರ ಕೊಡುವುದಿಲ್ಲ. ಖರೀದಿಗೆ ಇಂಡೆಂಟ್ ಕಳುಹಿಸಿ ಮೂರು ವಾರ ಕಾದೆ. ಕೊನೆಗೆ ಎರಡು ಬೈಕ್ ಕೇಬಲ್ಲುಗಳ ಒಳತಂತಿಗಳನ್ನು ಸ್ಕ್ರೂ ಬ್ಯಾರೆಲ್ ಎಂಬ ಒಂದು ಪುಟ್ಟ ಲೋಹದ ಕೊಳವೆಯಲ್ಲಿ ಸೇರಿಸಿ ಬಿಗಿದು, ಸೀಟಿನ ಕೆಳಗೆ ಹಾಯಿಸಿದೆವು. ಸ್ವಂತ ಹಣದಿಂದ ಮಾಡಿಸಿ ತಂದಿದ್ದರೂ ಆಗುತ್ತಿತ್ತು ಎಂದು ಈಗ ಅನ್ನಿಸುತ್ತದೆ. ಅಂದು ನಾನು ನಿಯಮದ ಮೇಲಿನ ಸಿಟ್ಟಿನಲ್ಲಿ ಜೋಡಣೆಯ ಕೇಬಲ್ಲನ್ನೇ ಒಪ್ಪಿಕೊಂಡೆ.

ಇನ್ನು ತುರ್ತಿನಲ್ಲಿ ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ವಿಷಯ. ಸಮತಟ್ಟಾದ ಟ್ರ್ಯಾಕಿನಲ್ಲಿ ಓಡುವ ಗೋ-ಕಾರ್ಟುಗಳಿಗೆ ಸಾಮಾನ್ಯವಾಗಿ ಮೇಲೆ ಪಂಜರವೂ ಇರುವುದಿಲ್ಲ, ಸೊಂಟಕ್ಕೆ ಬೆಲ್ಟೂ ಇರುವುದಿಲ್ಲ. ಕಾಡುದಾರಿಯ ಗಾಡಿಗೆ ಎರಡೂ ಬೇಕು. ಪಂಜರವಿದ್ದ ಮೇಲೆ ಬೆಲ್ಟಿಲ್ಲದೆ ಕೂರಿಸುವುದೆಂದರೆ ತಲೆಯನ್ನು ಪೈಪಿಗೆ ಒಡ್ಡಿದಂತೆ. ಆದರೆ ಭುಜಗಳ ಮೇಲಿನಿಂದ ಬರುವ ಬೆಲ್ಟನ್ನು ಬಿಗಿದ ಕ್ಷಣದಿಂದ ಕುಳಿತವರ ಕೈ ಮುಂಚಿನಷ್ಟು ದೂರ ಹೋಗುವುದಿಲ್ಲ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಕಟ್ಟಿದ ಕಾಡುದಾರಿಯ ಗಾಡಿಗಳನ್ನು ಓಡಿಸುವ ಬಾಜಾ ಸ್ಪರ್ಧೆಯ ನಿಯಮಗಳಲ್ಲಿ ಎರಡು ಸ್ವಿಚ್ಚು ಕಡ್ಡಾಯ, ಒಂದು ಹೊರಗಿನವರಿಗೆ, ಒಂದು ಬೆಲ್ಟ್ ಹಾಕಿಕೊಂಡು ಕುಳಿತವರ ಕೈಗೆ ಎಟಕುವಂತೆ. ಆ ಪುಟವನ್ನು ಮುದ್ರಿಸಿ ವರ್ಕ್‌ಶಾಪಿನ ಗೋಡೆಗೆ ಅಂಟಿಸಿದವನು ನಾನೇ. ಹಾಗಿದ್ದರೂ ಬಲಬದಿಯ ಹಿಂದಿನ ಕಂಬದ ಮೇಲೆ, ನಿಂತು ನೋಡಿ ನನ್ನ ಎದೆಯ ಎತ್ತರಕ್ಕೆ, ಒಂದೇ ಒಂದು ಕೆಂಪು ಸ್ವಿಚ್ ಹಾಕಿಸಿದೆ. ಎರಡನೆಯದನ್ನು ವೈರಿಂಗ್ ಅಚ್ಚುಕಟ್ಟು ಮಾಡುವಾಗ ಹಾಕಿದರಾಯಿತು ಎಂದುಕೊಂಡೆ. ಸೀಟಿನಲ್ಲಿ ಕುಳಿತು ಅಳತೆ ನೋಡುತ್ತಿದ್ದ ಆ ಹುಡುಗಿ, "ಸರ್, ಬೆಲ್ಟ್ ಹಾಕಿದ್ರೆ ಸ್ವಿಚ್ ನಂಗೆ ಸಿಗಲ್ಲ" ಎಂದಳು. "ಅದು ಹೊರಗೆ ನಿಂತಿರೋ ನಮಗಮ್ಮ, ನೀನು ರಸ್ತೆ ನೋಡು" ಎಂದೆ. ಅವಳು ಮತ್ತೆ ಕೇಳಲಿಲ್ಲ. ಅವಳು ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು, ಅರ್ಥವೂ ಆಗಿತ್ತು. ಆ ಹೊತ್ತಿನಲ್ಲಿ ಕೆಲಸ ನಿಲ್ಲಿಸುವ ಮನಸ್ಸು ನನಗಿರಲಿಲ್ಲ.

ಮನಸ್ಸಿಲ್ಲದಿರಲು ಕಾರಣ ಶನಿವಾರ. ಕೇಂದ್ರಕ್ಕೆ ಹಣಸಹಾಯ ಮಾಡುವವರು ಶನಿವಾರ ಬೆಳಿಗ್ಗೆ ಬರುತ್ತಾರೆ, ಗಾಡಿಗೆ ಬಣ್ಣ ಹಚ್ಚಿ ಅಂಗಳದಲ್ಲಿ ಓಡಿಸಿ ತೋರಿಸಬೇಕು ಎಂದು ಆಡಳಿತದವರು ಹತ್ತು ದಿನ ಮೊದಲೇ ತಿಳಿಸಿದ್ದರು. ಬಣ್ಣ ಹಚ್ಚುವುದು ಎಲ್ಲ ಪರೀಕ್ಷೆಗಳೂ ಮುಗಿದ ಮೇಲಿನ ಕೆಲಸ. ಬಿರುಕು ಬಿಟ್ಟ ವೆಲ್ಡಿಂಗ್ ಬಣ್ಣದಡಿಯಲ್ಲಿ ಕಾಣುವುದಿಲ್ಲ ಎಂದು ನಾನು ಪ್ರತಿ ಬ್ಯಾಚಿಗೂ ಹೇಳುತ್ತೇನೆ. ಹೀಗೆ ಹೇಳುವ ನಾನೇ ಗುರುವಾರ ಸಂಜೆ ಪೆಡಲುಗಳನ್ನೆಲ್ಲ ಬಿಚ್ಚಿಸಿ, ರಾತ್ರಿ ಹತ್ತರವರೆಗೆ ರೆಡ್ ಆಕ್ಸೈಡ್ ಹೊಡೆಸಿದೆ. ಆ ವಾರವೆಲ್ಲ ಮಧ್ಯಾಹ್ನದ ಮೇಲೆ ಮಳೆ ಬರುತ್ತಿದ್ದುದರಿಂದ ಬಣ್ಣ ಒಣಗಲಿಲ್ಲ. ಶುಕ್ರವಾರ ಬೆಳಿಗ್ಗೆ ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು. ಅಂಟುವ ಪೈಪಿಗೇ ಪೆಡಲುಗಳನ್ನು ಮತ್ತೆ ಜೋಡಿಸಿದೆವು.

ಏಪ್ರಿಲ್ ತಿಂಗಳಲ್ಲಿ ನಮ್ಮ ಕಡೆ ಮೈದಾನ ಕೇಳಿದರೆ ಸಿಗುವುದಿಲ್ಲ, ಹಾಕಿ, ಕ್ರಿಕೆಟ್ ಪಂದ್ಯಾವಳಿಗಳು ಒಂದರ ಹಿಂದೊಂದು ನಡೆಯುತ್ತವೆ. ಆದುದರಿಂದ ಪಕ್ಕದ ತೋಟದ ಯಜಮಾನರನ್ನು ಕೇಳಿ, ಪಲ್ಪರ್ ಮನೆಯಿಂದ ಕೆರೆಯ ಕಡೆಗೆ ಇಳಿಯುವ ಮಣ್ಣಿನ ದಾರಿಯನ್ನು ಪಡೆದುಕೊಂಡಿದ್ದೆವು. ಶುಕ್ರವಾರ ಸಂಜೆ ನಾಲ್ಕು ಗಂಟೆಗೆ ತೋಟದ ಲೆಕ್ಕ ನೋಡುವ ರೈಟರ ಎದುರಿನಲ್ಲಿ ಹುಡುಗಿ ಹೆಲ್ಮೆಟ್, ಗ್ಲೌಸ್ ಹಾಕಿಕೊಂಡು ಕುಳಿತಳು. ಬೆಲ್ಟನ್ನು ನಾನೇ ಬಿಗಿದೆ. ಮೊದಲ ಸುತ್ತು ಮೊದಲ ಗೇರಿನಲ್ಲಿ ಚೆನ್ನಾಗಿ ಆಯಿತು. ಎರಡನೆಯ ಸುತ್ತಿಗೆ, ಇಳಿಜಾರಿಗೆ ಮುಂಚಿನ ಸಣ್ಣ ಏರಿನಲ್ಲಿ ಎರಡನೆಯ ಗೇರು ಹಾಕಿ ಪೂರ್ತಿ ಒತ್ತಬಹುದೇ ಎಂದು ಕೈಸನ್ನೆಯಲ್ಲಿ ಕೇಳಿದಳು. ಒತ್ತು ಎಂದು ಕೈ ಬೀಸಿದೆ.

ಏರು ಮುಗಿಯಿತು, ಎಂಜಿನ್ನಿನ ಸದ್ದು ಇಳಿಯಲಿಲ್ಲ. ಮೊದಲು ನಾನು ಅವಳು ಉತ್ಸಾಹದಲ್ಲಿ ಕಾಲು ತೆಗೆದಿಲ್ಲ ಎಂದುಕೊಂಡೆ, ಒಂದೆರಡು ಸೆಕೆಂಡು ಸಂತೋಷದಿಂದಲೇ ನೋಡುತ್ತ ನಿಂತಿದ್ದೆ. ಆಮೇಲೆ ಬ್ರೇಕಿನ ಕೆಂಪು ದೀಪ ಹತ್ತಿತು, ಹಿಂದಿನ ಗಾಲಿಗಳು ಕೆಸರಿನಲ್ಲಿ ಜಾರಿದವು, ಸದ್ದು ಮಾತ್ರ ಹಾಗೆಯೇ ಇತ್ತು. "ಕ್ಲಚ್! ಕ್ಲಚ್!" ಎಂದು ಕೂಗುತ್ತ ಓಡಿದೆ. ಹೆಲ್ಮೆಟ್ಟಿನೊಳಗೆ, ಆ ಸದ್ದಿನಲ್ಲಿ, ನನ್ನ ಕೂಗು ಅವಳಿಗೆ ಕೇಳಿಸುವಂತಿರಲಿಲ್ಲ. ದಾರಿಯ ಕೊನೆಯಲ್ಲಿ ಬೇಲಿಯಿಲ್ಲದ ಕೆರೆ. ಅವಳ ಬಲಗೈ ಸ್ಟಿಯರಿಂಗ್ ಬಿಟ್ಟು ಭುಜದ ಮೇಲಿನಿಂದ ಹಿಂದಕ್ಕೆ ಹೋಗುವುದು ಕಾಣಿಸಿತು; ಮರಳಿ ಮುಂದಕ್ಕೆ ಬಂತು, ಮತ್ತೆ ಹಿಂದಕ್ಕೆ ಹೋಯಿತು. ಮೂರನೆಯ ಸಲ ಹಾಗೆ ಹೋಗಿ ಬಂದ ಕೈ ಸ್ಟಿಯರಿಂಗನ್ನು ಹಿಡಿದು ಗಾಡಿಯನ್ನು ಎಡಕ್ಕೆ, ರೋಬಸ್ಟಾ ಸಾಲುಗಳ ನಡುವೆ ತಿರುಗಿಸಿತು. ಐದು ಗಿಡಗಳನ್ನು ಮುರಿದುಕೊಂಡು ಹೋದ ಗಾಡಿಯ ಮುಂದಿನ ಗಾಲಿಗಳು ನೀರು ಇಂಗಲು ಸಾಲುಗಳ ನಡುವೆ ತೋಡಿದ ತೊಟ್ಟಿಲು ಗುಂಡಿಯೊಂದರಲ್ಲಿ ಇಳಿದು ನಿಂತವು. ಹಿಂದಿನ ಗಾಲಿಗಳು ತರಗೆಲೆಯನ್ನೂ ಮಣ್ಣನ್ನೂ ಎರಚುತ್ತ ತಿರುಗುತ್ತಲೇ ಇದ್ದವು. ನನಗಿಂತ ಮುಂದೆ ಓಡಿದ್ದ ಮೂರ್ನಾಡಿನ ಹುಡುಗ ಹಿಂದಿನ ಕಂಬದ ಸ್ವಿಚ್ಚನ್ನು ಒತ್ತಿದ ಮೇಲೆ ಎಂಜಿನ್ ನಿಂತಿತು. ಮೊಬೈಲಿನಲ್ಲಿ ಚಿತ್ರೀಕರಿಸಿದವರಿದ್ದರು, ಏರಿನ ತುದಿಯಿಂದ ಗುಂಡಿಯವರೆಗೆ ಹದಿಮೂರು ಸೆಕೆಂಡು.

ಮಣಿಕಟ್ಟು ಉಳುಕಿದ್ದು, ಭುಜಗಳ ಮೇಲೆ ಬೆಲ್ಟು ಒತ್ತಿ ಕಂದಿದ್ದು ಬಿಟ್ಟರೆ ಅವಳಿಗೆ ಬೇರೆ ಪೆಟ್ಟಾಗಿರಲಿಲ್ಲ. ಕ್ಲಚ್ ತುಳಿಯಬಾರದಿತ್ತೇ ಎಂದು ಆಮೇಲೆ ಕಚೇರಿಯಲ್ಲಿ ಕೇಳಿದವರಿದ್ದಾರೆ. ಅವಳಿಗೆ ಮನೆಯಲ್ಲಿ ಓಡಿಸಿ ಅಭ್ಯಾಸವಿರುವುದು ಗೇರಿಲ್ಲದ, ಕ್ಲಚ್ ಹಿಡಿಯಬೇಕಿಲ್ಲದ ಸ್ಕೂಟರು. ಗಾಬರಿಯಲ್ಲಿ ಕೈಕಾಲು ಹೋಗುವುದು ಅಭ್ಯಾಸವಿದ್ದ ಕಡೆಗೆ, ಹೇಳಿಕೊಟ್ಟ ಕಡೆಗಲ್ಲ. ಕೆರೆ ಬಿಟ್ಟು ಗಿಡಗಳನ್ನು ಆರಿಸಿಕೊಳ್ಳುವಷ್ಟು ಬುದ್ಧಿ ಆ ಹೊತ್ತಿನಲ್ಲಿ ಅವಳಿಗೆ ಇತ್ತು. ಅಲ್ಲಿ ನಿಂತಿದ್ದ ನಾವಾರೂ ಅಷ್ಟನ್ನು ಯೋಚಿಸಿರಲಿಲ್ಲ.

ಗಾಡಿಯನ್ನು ಎಳೆದು ತಂದ ಮೇಲೆ ರಾತ್ರಿ ಒಬ್ಬನೇ ಕುಳಿತು ಕೇಬಲ್ ಬಿಚ್ಚಿದೆ. ಪೆಡಲ್ ಮಿತಿಮೀರಿ ಇಳಿಯದಂತೆ ತಡೆಯುವ ಸ್ಟಾಪ್ ಬೋಲ್ಟನ್ನು ಬಣ್ಣಕ್ಕಾಗಿ ಬಿಚ್ಚಿ ಮರಳಿ ಹಾಕುವಾಗ ಮೊದಲಿನಷ್ಟು ಹೊರಗೆ ತಿರುಗಿಸಿರಲಿಲ್ಲ. ಹಾಗಾಗಿ ಪೆಡಲ್ ಮೊದಲಿಗಿಂತ ಒಂದು ಬೆರಳಿನಷ್ಟು ಹೆಚ್ಚು ಇಳಿದಿತ್ತು, ಬ್ಯಾರೆಲ್ ಅಷ್ಟೇ ಹೆಚ್ಚು ಮುಂದಕ್ಕೆ ಬಂದು, ಅದರ ಸ್ಕ್ರೂವಿನ ತಲೆ ಕೇಬಲ್ ಹಾಯುವ ಬ್ರ್ಯಾಕೆಟ್ಟಿನ ತೂತಿನ ಅಂಚಿಗೆ ಸಿಕ್ಕಿಕೊಂಡಿತ್ತು. ಕಾರ್ಬುರೇಟರಿನ ಸ್ಪ್ರಿಂಗಿಗೆ ಅದನ್ನು ಬಿಡಿಸುವ ಶಕ್ತಿ ಇರಲಿಲ್ಲ, ಪೆಡಲಿಗೆ ನಾವು ಬೇರೆ ಸ್ಪ್ರಿಂಗ್ ಹಾಕಿರಲಿಲ್ಲ. ಅಖಂಡ ಕೇಬಲ್ ಇದ್ದಿದ್ದರೆ ಸಿಕ್ಕಿಕೊಳ್ಳಲು ಏನೂ ಇರುತ್ತಿರಲಿಲ್ಲ.

ಇದೆಲ್ಲ ನೋಡಿ ಮುಗಿಸಿ ಏಳುವಾಗ ಟಾರ್ಚಿನ ಬೆಳಕು ಬಲಬದಿಯ ಅಡ್ಡಪೈಪಿನ ಮೇಲೆ ಬಿತ್ತು. ಒಣಗದ ಕೆಂಪು ಬಣ್ಣದ ಮೇಲೆ ಗ್ಲೌಸಿನ ಮೂರು ಬೆರಳುಗಳು ಎಳೆದ ಗುರುತು, ಒಂದರ ಮೇಲೊಂದು ಮೂರು ಸಲ. ಮೊದಲ ಗೆರೆ ಚಿಕ್ಕದು, ಎರಡನೆಯದು ಅದಕ್ಕಿಂತ ಉದ್ದ, ಮೂರನೆಯದರ ತುದಿಯಲ್ಲಿ ಬಣ್ಣ ಗುಡ್ಡೆಯಾಗಿ ನಿಂತಿತ್ತು. ಅಲ್ಲಿಂದ ಸ್ವಿಚ್ಚಿಗೆ ನನ್ನ ಕೈ ಇಟ್ಟು ಅಳೆದೆ. ನಾಲ್ಕು ಬೆರಳು. ಬೆಲ್ಟನ್ನು ಅಷ್ಟು ಬಿಗಿಯಾಗಿ ಎಳೆದವನು ನಾನು, ಸ್ವಿಚ್ಚಿನ ಜಾಗ ಗುರುತಿಸಿದವನು ನಾನು, ಸಿಗುವುದಿಲ್ಲ ಎಂದವಳಿಗೆ ರಸ್ತೆ ನೋಡು ಎಂದವನೂ ನಾನು. ಬಹಳ ಹೊತ್ತು ಅಲ್ಲಿಂದ ಏಳಲಾಗಲಿಲ್ಲ.

ಶನಿವಾರ ಬೆಳಿಗ್ಗೆ ವ್ಯವಸ್ಥಾಪಕರು, ಓಡಿಸುವುದು ಬೇಡ, ನಿಂತಲ್ಲಿಯೇ ಸ್ಟಾರ್ಟ್ ಮಾಡಿ ತೋರಿಸಿ ಎಂದರು. ನಾನು ಒಪ್ಪಲಿಲ್ಲ. ಬಂದವರನ್ನು ಗಾಡಿಯ ಬಳಿಗೆ ಕರೆದೊಯ್ದು ಪೈಪಿನ ಗುರುತನ್ನೂ ಬಿಚ್ಚಿಟ್ಟ ಕೇಬಲ್ಲನ್ನೂ ತೋರಿಸಿ, ಏನು ನಡೆಯಿತೆಂದು ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು. ಕಚೇರಿಯವರಿಗೆ ಅದು ಸರಿಬರಲಿಲ್ಲ, ಆ ಅಸಮಾಧಾನ ಇಂದಿಗೂ ಇದೆ. ಘಟನಾ ವರದಿಯ ನಮೂನೆಯಲ್ಲಿ ಕಾರಣಕ್ಕೆ ಎರಡೇ ಕಾಲಂ, ಯಂತ್ರದೋಷ ಮತ್ತು ತರಬೇತಿ ಪಡೆಯುವವರ ಅಜಾಗರೂಕತೆ. ಎರಡನ್ನೂ ಹೊಡೆದುಹಾಕಿ, ಪಕ್ಕದ ಅಂಚಿನಲ್ಲಿ "ಬೋಧಕರ ತೀರ್ಮಾನ" ಎಂದು ಬರೆದು ಸಹಿ ಮಾಡಿದೆ. ಹೊಸ ನಮೂನೆಯಲ್ಲಿ ತುಂಬಿ ಕೊಡಿ ಎಂದು ಹಿಂದಿರುಗಿಸಿದರು. ಅದನ್ನೇ ಮತ್ತೆ ಬರೆದು ಕೊಟ್ಟೆ.

ತೋಟದ ಯಜಮಾನರು ಐದು ಗಿಡಗಳ ಹಣ ತೆಗೆದುಕೊಳ್ಳಲಿಲ್ಲ. ಮಳೆಗಾಲ ಶುರುವಾದ ಮೇಲೆ ಎಂಟೂ ಮಂದಿ ಹೋಗಿ ಅಲ್ಲಿ ಸಸಿ ನೆಟ್ಟು ಬಂದರು.

ಮೂರು ವಾರಗಳ ಬಳಿಕ ಅಖಂಡ ಕೇಬಲ್ ಬಂತು, ಈ ಸಲ ನನ್ನ ಹಣದಲ್ಲಿ. ಪೆಡಲಿಗೆ ಪ್ರತ್ಯೇಕ ಸ್ಪ್ರಿಂಗ್ ಹಾಕಿ, ಸ್ಟಾಪ್ ಬೋಲ್ಟಿಗೆ ಲಾಕ್ ನಟ್ ಬಿಗಿದು, ಬಣ್ಣದ ಗೆರೆ ಎಳೆದೆವು. ಬೋಲ್ಟು ಸ್ವಲ್ಪ ತಿರುಗಿದರೂ ಗೆರೆ ತಪ್ಪಿ ಕಾಣುತ್ತದೆ. ಎರಡನೆಯ ಸ್ವಿಚ್ಚಿಗೆ ಡ್ಯಾಶಿನ ಪೈಪಿನ ಮೇಲೆ ಸೀಮೆಸುಣ್ಣದಿಂದ ನಾನು ಒಂದು ಗುರುತು ಹಾಕಿದ್ದೆ. ಹುಡುಗಿ ಬಂದು ನೋಡಿ, "ಸರ್, ನೀವು ಕೂತ್ಕೊಂಡು ನೋಡಿದ್ರಾ?" ಎಂದು ಕೇಳಿದಳು. ನಾನು ಕುಳಿತೆ. ಬೆಲ್ಟನ್ನು ಅವಳೇ ಬಿಗಿದು, ಗ್ಲೌಸ್ ಕೊಟ್ಟು, ಕಣ್ಣು ಮುಚ್ಚಿಕೊಳ್ಳಲು ಹೇಳಿದಳು. ನನ್ನ ಕೈ ಗುರುತಿಗೆ ತಾಗಿತು. ಆಮೇಲೆ ಅವಳು ಕುಳಿತಳು, ಬೆಲ್ಟನ್ನು ಅಷ್ಟೇ ಬಿಗಿಯಾಗಿ ಎಳೆಯಿರಿ ಎಂದಳು, ಕಣ್ಣು ಮುಚ್ಚಿ ಕೈ ಚಾಚಿದಳು. ಬೆರಳು ಗುರುತಿಗಿಂತ ಈಚೆಗೇ ನಿಂತಿತು. ನಾನು ಬಟ್ಟೆಯಿಂದ ಗುರುತನ್ನು ಒರೆಸಿ ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟೆ. ಕಣ್ಣು ತೆರೆಯದೆಯೇ, ಕೈ ನಿಂತಲ್ಲಿ, ಸ್ಟಿಯರಿಂಗ್ ಕಾಲಮ್ಮಿನ ಎಡಕ್ಕೆ, ಅವಳು ಒಂದು ಗೆರೆ ಎಳೆದಳು. ಮೂರ್ನಾಡಿನ ಹುಡುಗ ಅಲ್ಲಿಯೇ ತೂತು ಕೊರೆದ.