ಬ್ರಾಂಕ್ಸ್‌ನ ಆ ಬಾಗಿಲ ಮುಂದೆ ನಿಲ್ಲುವ ಮುಂಚೆ

ಹಿಪ್‌ಹಾಪ್ ಹುಟ್ಟಿದ ಜಾಗ ನೋಡಬೇಕು ಅಂತ ನ್ಯೂಯಾರ್ಕ್‌ಗೆ ಹೊರಟಿದ್ದೀರಾ? ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆ ಜಾಗ, ಅಂದರೆ ನ್ಯೂಯಾರ್ಕ್‌ನ ಬ್ರಾಂಕ್ಸ್ ಭಾಗದ 1520 ಸೆಡ್ಜ್‌ವಿಕ್ ಅವೆನ್ಯೂ, ಮ್ಯೂಸಿಯಂ ಅಲ್ಲ. ಟಿಕೆಟ್ ಇಲ್ಲ, ಗೈಡ್ ಇಲ್ಲ. ಜನ ಸಂಸಾರ ಮಾಡಿಕೊಂಡಿರುವ ಎತ್ತರದ ಅಪಾರ್ಟ್‌ಮೆಂಟ್ ಅದು. ಒಳಗೆ ಹೋಗೋಕೆ ನೋಡಬೇಡಿ, ಬಾಗಿಲಿಗೆ ಅಡ್ಡ ನಿಂತು ಫೋಟೋ ತೆಗೆಯಬೇಡಿ.

ನಾನು ಮ್ಯಾನ್‌ಹಾಟನ್‌ನಿಂದ 4ನೇ ನಂಬರ್ ಸಬ್‌ವೇ ಹಿಡಿದು 176ನೇ ಸ್ಟ್ರೀಟ್‌ನಲ್ಲಿ ಇಳಿದೆ. ಅಲ್ಲಿಂದ ಹಾರ್ಲೆಮ್ ನದಿಯ ಕಡೆಗೆ ಸುಮಾರು ಇಪ್ಪತ್ತು ನಿಮಿಷದ ನಡಿಗೆ. ಏರು-ಇಳಿಜಾರು ಜಾಸ್ತಿ, ಒಳ್ಳೆ ಶೂ ಹಾಕಿಕೊಳ್ಳಿ. ಹಗಲಲ್ಲೇ ಹೋಗಿ.

1973ರ ಆಗಸ್ಟ್ 11ರಂದು ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಇಲ್ಲಿ ಪಾರ್ಟಿ ಇಟ್ಟಳು. ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆಗೆ ದುಡ್ಡು ಬೇಕಿತ್ತು, ಅಷ್ಟೇ. ಕಾರ್ಡ್‌ಗಳ ಮೇಲೆ ಆಹ್ವಾನ ಕೈಯಲ್ಲೇ ಬರೆದು ಹಂಚಿದಳು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50. ರೆಕಾರ್ಡ್ ಹಾಕಿದ್ದು ಅವಳ ಅಣ್ಣ ಕ್ಲೈವ್. ಜಮೈಕಾದಿಂದ ಬಂದಿದ್ದ ಈ 18 ವರ್ಷದ ಹುಡುಗನೇ ಡಿಜೆ ಕೂಲ್ ಹರ್ಕ್.

ಹಾಡು ನಿಂತು ಬರೀ ಡ್ರಮ್ ಉಳಿಯುವ ಆ ಕೆಲವೇ ಸೆಕೆಂಡಿಗೆ ಕುಣಿಯುವವರು ಕಾಯುತ್ತಾರೆ ಅನ್ನೋದನ್ನು ಹರ್ಕ್ ಗಮನಿಸಿದ್ದ. ಅದೇ ಬ್ರೇಕ್. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಒಂದರಲ್ಲಿ ಬ್ರೇಕ್ ಮುಗಿಯುತ್ತಿದ್ದಂತೆ ಇನ್ನೊಂದರಲ್ಲಿ ಮತ್ತೆ ಶುರು ಮಾಡುತ್ತಿದ್ದ. ಹಿಪ್‌ಹಾಪ್ ಬೆಳೆದದ್ದು ಇದರಿಂದಲೇ. ಆಮೇಲೆ ಗ್ರಾಂಡ್‌ಮಾಸ್ಟರ್ ಫ್ಲ್ಯಾಶ್ ಎಂಬ ಇನ್ನೊಬ್ಬ ಡಿಜೆ ರೆಕಾರ್ಡಿನ ಮೇಲೆ ಕ್ರೇಯಾನ್‌ನಿಂದ ಗುರುತು ಹಾಕಿ ಇದನ್ನು ಇನ್ನೂ ಕರಾರುವಾಕ್ಕಾಗಿ ಮಾಡಿದ.

ಅದಕ್ಕೇ ಹೇಳೋದು, ಇಲ್ಲಿ ಕಣ್ಣಿಗಿಂತ ಕಿವಿಗೇ ಕೆಲಸ. ಹರ್ಕ್ ತಿರುಗಿಸಿ ತಿರುಗಿಸಿ ಹಾಕುತ್ತಿದ್ದ ಇನ್‌ಕ್ರೆಡಿಬಲ್ ಬಾಂಗೋ ಬ್ಯಾಂಡಿನ 'ಅಪಾಚೆ'ಯನ್ನು ಫೋನಿಗೆ ಇಳಿಸಿಕೊಂಡು ಹೋಗಿ. ನಾನು ಎದುರಿನ ಫುಟ್‌ಪಾತ್‌ನಲ್ಲಿ ನಿಂತು ಕೇಳಿದೆ. ಪಕ್ಕದ ಹೈವೇಯಲ್ಲಿ ಲಾರಿಗಳ ಸದ್ದು, ಕಿವಿಯೊಳಗೆ ಬಾಂಗೋ. ಅಷ್ಟರಲ್ಲಿ ಒಬ್ಬ ಅಜ್ಜಿ ಎರಡು ಕೈಯಲ್ಲೂ ತರಕಾರಿ ಚೀಲ ಹಿಡಿದು ಬಂದು, ಮೊಣಕೈಯಿಂದ ಬಾಗಿಲು ತಳ್ಳಿ ಒಳಗೆ ಹೋದರು. ನನ್ನ ಕಣ್ಣು ಒದ್ದೆಯಾಯಿತು. ಇಂಥ ಮನೆಯಿಂದಲೇ ಅಲ್ವಾ ಹಿಪ್‌ಹಾಪ್ ಬಂದದ್ದು!

ಸುಮ್ನೆ ವಾಪಸ್ ಹೊರಡಬೇಡಿ. ಹತ್ತಿರದಲ್ಲೇ ಸೀಡರ್ ಪಾರ್ಕ್ ಇದೆ. ಪಾರ್ಟಿಗೆ ಬಂದ ಜನಕ್ಕೆ ಒಳಗೆ ಜಾಗ ಸಾಲದಾದಾಗ ಹರ್ಕ್ ಬೀದಿ ದೀಪದ ಕಂಬದಿಂದ ಕರೆಂಟ್ ಎಳೆದು ಸ್ಪೀಕರ್ ಹಾಕಿದ್ದು ಅಲ್ಲೇ. ಬರುವಾಗ 125ನೇ ಸ್ಟ್ರೀಟ್‌ನಲ್ಲಿ 6ನೇ ನಂಬರ್ ಟ್ರೈನಿಗೆ ಬದಲಾಯಿಸಿ, 103ರಲ್ಲಿ ಇಳಿದರೆ 106ನೇ ಸ್ಟ್ರೀಟಿನ ಗ್ರಾಫಿಟಿ (ಸ್ಪ್ರೇ ಬಣ್ಣದ ಚಿತ್ರ) ಗೋಡೆಗಳೂ ಸಿಗುತ್ತವೆ. ಅದು ಶಾಲೆಯ ಅಂಗಳ. ಗೇಟ್ ಹಾಕಿದ್ದರೆ ಬೇಲಿಯಾಚೆಯಿಂದಲೇ ನೋಡಿ.